ದೀಪಕ್ಕೊಂದು ಟೋಪಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಗಳ ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ ಮದ್ರಾಸ್ ತಾರಸಿಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಕಾಣಿಸುತ್ತದೆ. ಒಂದು ಕಾಲದಲ್ಲಿ ಅಂಥ ಕೊಂಡಿಯಿಂದ ಸೀಮೆಎಣ್ಣೆಯ ತೂಗುದೀಪ ಇಳಿಬಿದ್ದಿರುತ್ತಿತ್ತು. (ಮನೆಯಲ್ಲಿ ಕೂಸಿದ್ದರೆ ತೊಟ್ಟಿಲಿಗೆ ಇನ್ನೊಂದು ಕೊಂಡಿ.) ದೀಪದ ಮೇಲೆ ಹಾಲುಬಿಳುಪಿನ ಗಾಜಿನದೋ ತಗಡಿನದೋ ಒಂದು ಅಗಲವಾದ ಟೋಪಿ. ಅದು ಅಲಂಕಾರಕ್ಕಿದ್ದ ವಸ್ತುವಲ್ಲ. ಮೇಲಕ್ಕೆ ಹೋಗಿ ವ್ಯರ್ಥವಾಗುವ ಬೆಳಕನ್ನು ಕೆಳಗಿನ ಊಟದ ಎಲೆಗೆ, ಮಗ್ಗಿ ಪುಸ್ತಕಕ್ಕೆ ತಿರುಗಿಸುತ್ತಿದ್ದ ಸಾಧನ ಅದು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಆಮೇಲೆ ನಿಧಾನವಾಗಿ ಮನೆಮನೆಗೂ ತಂತಿ ಬಂತು. ಆದರೆ ಒಂದು ನಷ್ಟವೂ ಆಯಿತು. ಲಾಂದ್ರವನ್ನು ಓದುವವನ ಹತ್ತಿರ ತಂದಿಡಬಹುದಿತ್ತು. ಸೂರಿನ ಬಲ್ಬು ಬಂದ ಮೇಲೆ ಓದುವವನೇ ದೀಪವಿದ್ದ ಕಡೆ ಹೋಗಿ ಕೂರಬೇಕಾಯಿತು. ಒಂದು ಕೋಣೆಗೆ ಒಂದೇ ದೀಪ, ಅದೂ ಎತ್ತರದಲ್ಲಿ ಎಂಬ ರೂಢಿ ಹಾಗೆ ಬೇರೂರಿದ್ದು ಇಂದಿಗೂ ಪೂರ್ತಿ ಹೋಗಿಲ್ಲ.

ಈ ಎತ್ತರದ ಲೆಕ್ಕವನ್ನು ಹೈಸ್ಕೂಲು ವಿದ್ಯಾರ್ಥಿಗಳೇ ಮಾಡಿ ಅಪ್ಪ ಅಮ್ಮನಿಗೆ ತೋರಿಸಬಹುದು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಬೆಳಕು ಕೊಡುತ್ತದೆ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಇಟ್ಟುಕೊಂಡು ಗೋಳದ ಲೆಕ್ಕದಂತೆ 4ಪೈಯಿಂದ, ಅಂದರೆ ಸುಮಾರು 12.6ರಿಂದ, ಭಾಗಿಸಿದರೆ 72 ಕ್ಯಾಂಡೆಲಾ ಬರುತ್ತದೆ. ಬಲ್ಬು ಮೇಜಿನಿಂದ ಎರಡೂವರೆ ಮೀಟರ್ ಮೇಲಿದ್ದರೆ 72ನ್ನು 2.5ರ ವರ್ಗದಿಂದ ಭಾಗಿಸಬೇಕು. ಪುಸ್ತಕದ ಮೇಲೆ ನೇರವಾಗಿ ಬೀಳುವುದು ಹನ್ನೊಂದೂವರೆ ಲಕ್ಸ್ ಮಾತ್ರ. ಸುಣ್ಣ ಹೊಡೆದ ಗೋಡೆಗಳು ಇನ್ನಷ್ಟು ಹಿಂದಿರುಗಿಸುತ್ತವೆ, ನಿಜ. ಆದರೆ ಓದು ಬರಹಕ್ಕೆ ಬೇಕಾದದ್ದು 300 ಲಕ್ಸ್‌ನ ಆಸುಪಾಸು. ಅದೇ ಬಲ್ಬನ್ನು ಅರ್ಧ ಮೀಟರಿಗೆ ಇಳಿಸಿದರೆ? 288 ಲಕ್ಸ್. ದೂರ ಐದರಲ್ಲಿ ಒಂದು ಪಾಲಾಯಿತು, ಬೆಳಕು ಇಪ್ಪತ್ತೈದು ಪಟ್ಟಾಯಿತು. ವಿದ್ಯುತ್ ಬಿಲ್ಲು ಒಂದು ಪೈಸೆಯೂ ಏರಲಿಲ್ಲ.

ಆದ್ದರಿಂದ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದುವ ಮಕ್ಕಳಿರುವ ಮನೆಯಲ್ಲಿ ದೀಪಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಮೇಜಿನ ದೀಪಕ್ಕೆ ಸಲ್ಲಬೇಕು, ನಡುಮನೆಯ ಗೊಂಚಲು ದೀಪಕ್ಕಲ್ಲ. ಗೊಂಚಲು ನೆಂಟರಿಗೆ, ಮೇಜಿನ ದೀಪ ಮನೆಯವರಿಗೆ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣೇ ಹೋಗುತ್ತದೆ ಎಂದು ಅಜ್ಜಿಯರು ಹೆದರಿಸುವುದಕ್ಕೆ ಆಧಾರವಿಲ್ಲ. ಆದರೆ ಕಣ್ಣು ದಣಿಯುತ್ತದೆ, ತಲೆನೋವು ಬರುತ್ತದೆ, ಮಗು ಪುಸ್ತಕದ ಮೇಲೆ ಬಾಗಿ ಬಾಗಿ ಕೂರುತ್ತದೆ. ಸಮೀಪದೃಷ್ಟಿ ಬಾರದಂತೆ ತಡೆಯಲು ಹಗಲಿನಲ್ಲಿ ಬಯಲಲ್ಲಿ ಕಳೆಯುವ ಹೊತ್ತು ನೆರವಾಗುತ್ತದೆಂದು ಈಚಿನ ಸಂಶೋಧನೆಗಳು ಹೇಳುತ್ತವೆ. ಆ ಕೆಲಸ ಯಾವ ದೀಪದಿಂದಲೂ ಆಗದು; ಸಂಜೆ ಒಂದು ಗಂಟೆ ಮಕ್ಕಳನ್ನು ಕೃಷ್ಣರಾವ್ ಪಾರ್ಕಿಗೆ ಅಟ್ಟುವುದೇ ಮೇಲು.

ಇನ್ನು ಟೋಪಿಯ ವಿಷಯ. ಟೋಪಿ ದೀಪಕ್ಕೆ ಬೇಕು, ಕೊಳ್ಳುವವರಿಗಲ್ಲ. ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಹತ್ತಾರು ದೀಪಗಳು ಒಟ್ಟಿಗೆ ಉರಿಯುತ್ತಿರುತ್ತವೆ. ಆ ಜಾತ್ರೆಯಲ್ಲಿ ಯಾವ ಶೇಡು ಎಷ್ಟು ಬೆಳಕು ಬಿಡುತ್ತದೆಂದು ಹೇಳಲು ಯಾರಿಂದಲೂ ಆಗದು. ಅಕ್ಕಪಕ್ಕದವನ್ನು ಆರಿಸಿ, ಬೇಕಾದ ಒಂದನ್ನೇ ಉರಿಸಿ ತೋರಿಸಲು ಕೇಳಬೇಕು. ಶೇಡಿನ ಒಳಮೈ ಬಿಳಿಯಾಗಿರಲಿ. ಕಪ್ಪು, ಕಡುಗೆಂಪು ಬಟ್ಟೆಯ ಶೇಡು ನೋಡಲು ಚೆಂದ; ಅದು ಬೆಳಕಿನ ಬಹುಪಾಲನ್ನು ನುಂಗಿ ಮಿಕ್ಕದ್ದನ್ನು ತನ್ನ ಬಣ್ಣದಲ್ಲಿ ಅದ್ದಿ ಕೊಡುತ್ತದೆ. ಮೂಲೆಯ ಅಲಂಕಾರಕ್ಕೆ ಆಗಬಹುದು, ಓದಿಗಲ್ಲ. ಮೇಜಿನ ದೀಪಕ್ಕೆ ಬೆಳಕು ತೂರದ, ಒಳಗೆ ಬಿಳುಪಾದ, ಬಾಗಿಸಲು ಬರುವ ಟೋಪಿಯೇ ಸರಿ. ಕುಳಿತಾಗ ಟೋಪಿಯ ಅಂಚು ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಇದ್ದರೆ ಬಲ್ಬು ಕಣ್ಣಿಗೆ ಹೊಡೆಯುವುದಿಲ್ಲ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕೆ, ಎಡಚರಿಗೆ ಬಲಕ್ಕೆ. ಇಲ್ಲದಿದ್ದರೆ ಬರೆಯುವ ಅಕ್ಷರದ ಮೇಲೆ ಕೈಯ ನೆರಳೇ ಕೂರುತ್ತದೆ. ಕೋಣೆಯ ದೊಡ್ಡ ದೀಪವನ್ನೂ ಉರಿಯಬಿಡಬೇಕು. ಸುತ್ತ ಕತ್ತಲು, ನಡುವೆ ಬಿಳಿ ಹಾಳೆ ಎಂದಾದರೆ ತಲೆ ಎತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಬಲ್ಬಿನ ಡಬ್ಬದ ಮೇಲೆ 2700 ಕೆ, 6500 ಕೆ ಎಂದೇನೋ ಬರೆದಿರುತ್ತದೆ. ಇದು ಕೆಲ್ವಿನ್ ಲೆಕ್ಕ. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಅರ್ಥವಾಗುತ್ತದೆ: ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾಸಿದರೆ ಬಿಳುಪಿನತ್ತ. ಹಳೆಯ ತಂತಿಬಲ್ಬಿನ ಎಳೆ ಸುಮಾರು 2700 ಕೆಲ್ವಿನ್‌ಗೆ ಕಾದು ಹಳದಿ ಬೆಳಕು ಕೊಡುತ್ತಿತ್ತು. ಸೂರ್ಯನ ಮೈ ಸುಮಾರು 5800. ನಾವು ‘ಬೆಚ್ಚಗಿದೆ’ ಎನ್ನುವ ಬೆಳಕೇ ಕಡಿಮೆ ತಾಪದ್ದು ಎಂಬುದು ತಮಾಷೆ. ಮಲಗುವ ಕೋಣೆಗೆ, ಹಜಾರಕ್ಕೆ ಹಳದಿ; ಓದಿಗೆ ನಡುವಿನ 4000ದ್ದು ಹಿತ. ಎಲ್ಲ ಕೋಣೆಗಳಿಗೂ 6500ನ್ನೇ ಹಾಕಿಸಿ ಮನೆಯನ್ನು ಆಸ್ಪತ್ರೆ ಮಾಡಿಕೊಳ್ಳುವುದು ನಮ್ಮ ಊರಿನ ಹೊಸ ಚಾಳಿ.

ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಕೊಳ್ಳುವ ಹೆಂಗಸರು ಸೆರಗನ್ನು ಹಿಡಿದು ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡುತ್ತಾರಲ್ಲ, ಅದು ಅಪ್ಪಟ ವಿಜ್ಞಾನ. ಬಿಳಿ ಎಲ್‌ಇಡಿಯ ಒಳಗಿರುವುದು ಸಾಮಾನ್ಯವಾಗಿ ನೀಲಿ ಬೆಳಕಿನ ಹರಳು, ಮೇಲೆ ಹಳದಿ ಫಾಸ್ಫರ್‌ನ ಲೇಪ. (ಆ ನೀಲಿ ಹರಳಿಗಾಗಿ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು.) ಅಗ್ಗದ ಬಲ್ಬಿನಲ್ಲಿ ಕೆಂಪಿನ ಪಾಲು ಸಾಲದೆ ಕುಂಕುಮವೂ ಕಳೆಗುಂದಿ ಕಾಣುತ್ತದೆ. ಡಬ್ಬದ ಮೇಲೆ ಸಿಆರ್‌ಐ ಎಂಬ ಅಂಕಿ ಇದ್ದರೆ ನೋಡಬೇಕು: ತಂತಿಬಲ್ಬಿಗೆ ಅದು 100ರ ಹತ್ತಿರ, ಎಲ್‌ಇಡಿಗೆ 80 ಸಾಧಾರಣ, 90 ಉತ್ತಮ.

ಅಜ್ಜನ ಕಾಲದ ಗಾಜಿನ ಗೋಳವನ್ನು ಉಜ್ಜಿ ತೊಳೆದು ಮತ್ತೆ ತೂಗುಹಾಕುವ ಆಸೆ ಹಲವರಿಗಿದೆ. ಒಳ್ಳೆಯದೇ. ಆದರೆ ಎಲ್‌ಇಡಿಯ ಬುಡದಲ್ಲಿ ಎಲೆಕ್ಟ್ರಾನಿಕ್ ಭಾಗಗಳಿವೆ. ಎಲ್ಲ ಕಡೆ ಮುಚ್ಚಿದ ಗೋಳದಲ್ಲಿ ಶಾಖ ಹೊರಹೋಗದೆ ಬಲ್ಬು ಬೇಗ ಸಾಯುತ್ತದೆ. ಮೇಲೋ ಕೆಳಗೋ ಗಾಳಿಯಾಡುವ ಶೇಡು ಬೇಕು. ಕಾಗದದ, ಬಿದಿರಿನ ಶೇಡಿನಲ್ಲಿ ತಂತಿಬಲ್ಬನ್ನು ಎಂದೂ ಹಾಕಬಾರದು: ಅದು ತಿನ್ನುವ ವಿದ್ಯುತ್ತಿನ ಹೆಚ್ಚಿನ ಪಾಲು ಶಾಖವೇ, ಬೆಂಕಿ ಹತ್ತೀತು. ಹಿತ್ತಾಳೆಯ ದೀಪಸ್ತಂಭ ತರುವವರು ಮೂರು ಪಿನ್ನಿನ ಪ್ಲಗ್ಗನ್ನೇ ಹಾಕಿಸಬೇಕು. ಹಳೆಯ ಮನೆಯಾದರೆ ಗೋಡೆಯ ಆ ಮೂರನೆಯ ತೂತಿಗೆ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಮೊದಲು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು.

ಮನೆಯ ಹಿರಿಯರನ್ನು ಮರೆಯುವಂತಿಲ್ಲ. ವಯಸ್ಸಾದಂತೆ ಕಣ್ಣುಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರವರಿಗೆ ಹೋಲಿಸಿದರೆ ಅರವತ್ತರವರ ಅಕ್ಷಿಪಟಲವನ್ನು ಮುಟ್ಟುವ ಬೆಳಕು ಸುಮಾರು ಮೂರನೇ ಒಂದು ಪಾಲು. ಮೊಮ್ಮಗನಿಗೆ ಸಾಕಾದ ಬೆಳಕು ತಾತನಿಗೆ ಕತ್ತಲೆ. ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ, ಮೆಟ್ಟಿಲ ಬಳಿ, ಕೆಳಮುಖವಾಗಿ ಟೋಪಿ ಹಾಕಿದ ಸಣ್ಣದೊಂದು ಹಳದಿ ದೀಪ ರಾತ್ರಿಯಿಡೀ ಉರಿಯಲಿ. ಅರ್ಧ ವ್ಯಾಟಿನದು ದಿನಕ್ಕೆ ಹತ್ತು ಗಂಟೆ ಉರಿದರೂ ವರ್ಷಕ್ಕೆ ಎರಡು ಯೂನಿಟ್ಟು ದಾಟದು. ಕೆಂಪು ಸಿಮೆಂಟಿನ ನುಣುಪು ನೆಲದ ಮೇಲೆ ಜಾರಿ ಮುರಿದ ಸೊಂಟದ ಖರ್ಚು ಹೇಳತೀರದು.

ಕೊಂಡ ಶೇಡು ಎಷ್ಟು ಬೆಳಕು ನುಂಗುತ್ತದೆಂದು ಅಳೆಯಲು ಹುಡುಗರಿಗೊಂದು ಪ್ರಯೋಗ. ಬಿಳಿ ಕಾಗದದ ನಡುವೆ ಒಂದು ತೊಟ್ಟು ಕೊಬ್ಬರಿಎಣ್ಣೆ ಒರೆಸಿ ನೆಟ್ಟಗೆ ನಿಲ್ಲಿಸಿ. ಒಂದೇ ಬಗೆಯ ಎರಡು ಬಲ್ಬು ತೆಗೆದುಕೊಂಡು, ಶೇಡಿಲ್ಲದ್ದನ್ನು ಕಾಗದದ ಒಂದು ಮಗ್ಗುಲಿಗೆ 100 ಸೆಂಟಿಮೀಟರ್ ದೂರದಲ್ಲಿ, ಶೇಡು ತೊಡಿಸಿದ್ದನ್ನು ಇನ್ನೊಂದು ಮಗ್ಗುಲಿಗೆ ಇಡಿ. ಕೋಣೆ ಕತ್ತಲಾಗಿರಲಿ. ಎಣ್ಣೆಯ ಕಲೆ ಕಣ್ಣಿಗೆ ಕಾಣದಂತಾಗುವವರೆಗೆ ಎರಡನೆಯ ದೀಪವನ್ನು ಮುಂದೆ ಹಿಂದೆ ಸರಿಸಿ. ಆಗ ಎರಡೂ ಕಡೆಯ ಬೆಳಕು ಸಮ. ಅದು 70 ಸೆಂಟಿಮೀಟರಿನಲ್ಲಿ ನಿಂತಿತೆನ್ನಿ: 70ರ ವರ್ಗವನ್ನು 100ರ ವರ್ಗದಿಂದ ಭಾಗಿಸಿದರೆ 0.49. ಆ ಶೇಡು ಆ ದಿಕ್ಕಿಗೆ ಅರ್ಧದಷ್ಟು ಬೆಳಕನ್ನು ಮಾತ್ರ ಬಿಡುತ್ತಿದೆ. ಇದನ್ನು ಅಂಗಡಿಯಲ್ಲಿ ಮಾಡಲು ಬಿಡುವುದಿಲ್ಲ. ಬದಲಾಯಿಸಿಕೊಡುತ್ತೀರಾ ಎಂದು ಕೇಳಿ, ರಸೀತಿ ಇಟ್ಟುಕೊಂಡೇ ಮನೆಗೆ ತರುವುದು ವಾಸಿ.