ಆರ್ಕೇಡ್ ಯಂತ್ರದ ಜೀರ್ಣೋದ್ಧಾರ

ಹಳೆಯ ಆರ್ಕೇಡ್ ಯಂತ್ರವೊಂದನ್ನು ಜೀರ್ಣೋದ್ಧಾರ ಮಾಡಬೇಕೇ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಯಂತ್ರ ಮತ್ತೆ ಆಡಲು ಬರುವಂತಾಗಬೇಕೇ? ಯಂತ್ರ ಮತ್ತೆ ಹೊಸದರಂತೆ ಕಾಣಬೇಕೇ? ಎಷ್ಟೋ ಹವ್ಯಾಸಿಗಳು ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಿ ಕೈ ಹಾಕುತ್ತಾರೆ. ಹಳೆಯ ಯಂತ್ರಗಳಿಗೆ ಸರಿಪಡಿಸಲಾಗದ ಪೆಟ್ಟು ಬೀಳುವುದು ಅಲ್ಲಿಯೇ. ಮೊದಲ ಪ್ರಶ್ನೆಗೆ ಬಹುತೇಕ ಯಂತ್ರಗಳ ವಿಷಯದಲ್ಲಿ ಹೌದೆನ್ನಬಹುದು. ಎರಡನೆಯದಕ್ಕೆ ಬಹುತೇಕ ಬೇಡವೆನ್ನಬೇಕಾಗುತ್ತದೆ.

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್‌ಗಳು ಮಾರುಕಟ್ಟೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಅಮೆರಿಕದಲ್ಲಿ 1971ರ ‘ಕಂಪ್ಯೂಟರ್ ಸ್ಪೇಸ್’, 1972ರಲ್ಲಿ ಅಟಾರಿ ಕಂಪನಿಯ ‘ಪಾಂಗ್’, ಆಮೇಲೆ ಜಪಾನಿನಿಂದ ಟೈಟೊ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’ (1978) ಮತ್ತು ನಾಮ್ಕೊ ಕಂಪನಿಯ ‘ಪ್ಯಾಕ್-ಮ್ಯಾನ್’ (1980). ಬಾರು, ಪಿಜ್ಜಾ ಅಂಗಡಿ, ಬೌಲಿಂಗ್ ಕೇಂದ್ರಗಳ ಮೂಲೆಯಲ್ಲಿ ನಿಂತು ದುಡಿದ ಈ ಯಂತ್ರಗಳನ್ನು ಯಾರೂ ಅರ್ಧ ಶತಮಾನ ಬಾಳಲೆಂದು ಮಾಡಿರಲಿಲ್ಲ. ಜನ ಮೆಚ್ಚಿರುವಷ್ಟು ದಿನ ಗಳಿಸಿದರೆ ಸಾಕಿತ್ತು. ಆದ್ದರಿಂದ ಪೆಟ್ಟಿಗೆಗೆ ಪ್ಲೈವುಡ್ ಬಳಸಿದರು, ಖರ್ಚು ಉಳಿಸಲು ಪಾರ್ಟಿಕಲ್ ಬೋರ್ಡ್ ಬಳಸಿದರು. ಅಂಗಡಿಯವರು ದಿನವೂ ನೆಲ ಒರೆಸುವಾಗ ತಾಗಿದ ನೀರಿಗೆ ಆ ಬೋರ್ಡಿನ ಕೆಳಅಂಚು ಉಬ್ಬಿ, ಪುಡಿಪುಡಿಯಾಗಿ ಉದುರುತ್ತದೆ. ಇಂದು ಸಿಗುವ ಯಂತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವ ದೋಷ ಅದೇ.

ಆಟವನ್ನು ಉಳಿಸಿಕೊಂಡರೆ ಸಾಲದೇ, ಪೆಟ್ಟಿಗೆ ಏಕೆ ಬೇಕು ಎಂಬ ವಾದವೊಂದಿದೆ. 1997ರಲ್ಲಿ ಹೊರಬಂದ ‘ಮೇಮ್’ ಎಂಬ ತಂತ್ರಾಂಶ ಸಾವಿರಾರು ಆರ್ಕೇಡ್ ಆಟಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಆಡಿಸುತ್ತದೆ. ಚಿಪ್‌ಗಳಲ್ಲಿದ್ದ ಪ್ರೋಗ್ರಾಮುಗಳು ಅಳಿದುಹೋಗದಂತೆ ಕಾಪಾಡಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅದಕ್ಕೆ ಸಲ್ಲಬೇಕು. ಆದರೆ ಪ್ರೋಗ್ರಾಮು ಆಟದ ಒಂದು ಭಾಗ ಮಾತ್ರ. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ತಯಾರಿಸಿದ ‘ಸ್ಪೇಸ್ ಇನ್ವೇಡರ್ಸ್’ ಯಂತ್ರದಲ್ಲಿ ಆಟಗಾರನಿಗೆ ಪಿಕ್ಚರ್ ಟ್ಯೂಬ್ ನೇರವಾಗಿ ಕಾಣುವುದೇ ಇಲ್ಲ. ಒಳಗಿನ ಕಪ್ಪು-ಬಿಳುಪು ಟ್ಯೂಬಿನ ಚಿತ್ರ ಅರೆಪಾರದರ್ಶಕ ಕನ್ನಡಿಯಲ್ಲಿ ಪ್ರತಿಫಲಿಸುತ್ತದೆ. ಅದಕ್ಕೆ ಬಣ್ಣ ಬರುವುದು ಅಡ್ಡ ಹಚ್ಚಿದ ಬಣ್ಣದ ಹಾಳೆಗಳಿಂದ. ಕನ್ನಡಿಯ ಹಿಂದೆ ಚಂದ್ರನ ನೆಲವನ್ನು ಚಿತ್ರಿಸಿದ ರಟ್ಟಿನ ಪರದೆಯಿದೆ, ಅದಕ್ಕೆ ಬೇರೆಯೇ ದೀಪವಿದೆ. ಆಟಗಾರ ಕಾಣುವುದು ಚಂದ್ರಲೋಕದ ಮೇಲೆ ತೇಲುತ್ತ ಇಳಿಯುವ ಶತ್ರುಗಳನ್ನು. ಪ್ರೋಗ್ರಾಮಿನಲ್ಲಿ ಆ ಚಂದ್ರ ಎಲ್ಲಿಯೂ ಇಲ್ಲ, ಅದು ಇರುವುದು ಪೆಟ್ಟಿಗೆಯಲ್ಲಿ.

1979ರ ‘ಆಸ್ಟರಾಯ್ಡ್ಸ್’ ಇನ್ನೂ ಸ್ಪಷ್ಟವಾದ ಉದಾಹರಣೆ. ಅದರ ಟ್ಯೂಬಿನಲ್ಲಿ ಟಿವಿಯಲ್ಲಿರುವಂತೆ ಸಾಲುಸಾಲಾಗಿ ಚಿತ್ರ ಮೂಡುವುದಿಲ್ಲ. ಎಲೆಕ್ಟ್ರಾನ್ ಕಿರಣವೇ ಬಿಂದುವಿನಿಂದ ಬಿಂದುವಿಗೆ ಹರಿದು ಗೆರೆ ಎಳೆಯುತ್ತದೆ. ಕಿರಣವನ್ನು ಒಂದೇ ಬಿಂದುವಿನ ಮೇಲೆ ತೀವ್ರವಾಗಿ ಬೀಳಿಸಿ ತೋರಿಸುವ ಗುಂಡು ಕಣ್ಣು ಕುಕ್ಕುವಷ್ಟು ಬೆಳಗುತ್ತದೆ. ಅಂಥ ಯಂತ್ರದಿಂದ ಟ್ಯೂಬ್ ಕಿತ್ತು ಎಲ್‌ಸಿಡಿ ಪರದೆ ಕೂರಿಸಿದರೆ ಆಟದ ನಕಲೊಂದು ಉಳಿಯುತ್ತದೆ, ಆಟ ಉಳಿಯುವುದಿಲ್ಲ. ಜಾಯ್‌ಸ್ಟಿಕ್‌ನಂಥ ಸಣ್ಣ ಭಾಗಕ್ಕೂ ಈ ಮಾತು ಅನ್ವಯಿಸುತ್ತದೆ. ‘ಪ್ಯಾಕ್-ಮ್ಯಾನ್’ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಚಲಿಸುವಂಥದ್ದು. ಅದರ ಜಾಗದಲ್ಲಿ ಎಂಟು ದಿಕ್ಕಿನದನ್ನು ಹಾಕಿದರೆ ತಿರುವುಗಳಲ್ಲಿ ಕೈ ತಪ್ಪುತ್ತದೆ, ಆಟಗಾರ ಸೋಲನ್ನು ತನ್ನ ತಪ್ಪೆಂದೇ ತಿಳಿಯುತ್ತಾನೆ. ಕಣ್ಣು, ಕೈ, ಪೆಟ್ಟಿಗೆ ಮೂರೂ ಕೂಡಿದಾಗ ನಡೆಯುವುದು ಈ ಆಟ. ಯಂತ್ರವನ್ನು ಮತ್ತೆ ಆಡುವ ಸ್ಥಿತಿಗೆ ತರಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಒಳಗಿನ ವಿದ್ಯುತ್ ಭಾಗಗಳ ದುರಸ್ತಿಯಲ್ಲಿ ಹಿಂಜರಿಕೆ ಅನಗತ್ಯ. ಕೆಪಾಸಿಟರ್‌ಗಳು ದಶಕಗಳಲ್ಲಿ ಒಣಗುತ್ತವೆ. ಚಿತ್ರದ ಅಂಚು ಬಾಗುತ್ತದೆ, ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಸೇರುತ್ತದೆ. ಸರ್ಕ್ಯೂಟ್ ಬೋರ್ಡನ್ನು ಸೇರುವ ಕನೆಕ್ಟರ್ ಬಿಸಿಗೆ ಸುಟ್ಟು ಕಪ್ಪಾಗಿರುತ್ತದೆ. ಇವನ್ನು ಬದಲಿಸಿದರೆ ಯಂತ್ರದ ಗುಣ ಕೆಡುವುದಿಲ್ಲ. ಆ ಯಂತ್ರಗಳು ಓಡುತ್ತಿದ್ದ ಕಾಲದಲ್ಲೂ ಮೆಕ್ಯಾನಿಕ್‌ಗಳು ಮಾಡುತ್ತಿದ್ದದ್ದು ಇದನ್ನೇ. ಒಂದು ಕೆಲಸವನ್ನಂತೂ ಜೀರ್ಣೋದ್ಧಾರದ ನಿರ್ಧಾರಕ್ಕೆ ಕಾಯದೆ ಇಂದೇ ಮಾಡಬೇಕು. 1981ರ ‘ಡಿಫೆಂಡರ್’ ಮುಂತಾದ ಯಂತ್ರಗಳಲ್ಲಿ ಅಂಕಗಳ ನೆನಪಿಗೆಂದು ಬೋರ್ಡಿನ ಮೇಲೆಯೇ ಬ್ಯಾಟರಿಗಳಿರುತ್ತವೆ. ಅವು ಸೋರಿದರೆ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ, ಆದ್ದರಿಂದ ಮೊದಲು ಅವನ್ನು ತೆಗೆಯಬೇಕು. ಯಂತ್ರವನ್ನು ಮುಟ್ಟದೆ ಹಾಗೇ ಇಟ್ಟಿದ್ದೇವೆ ಎನ್ನುವವರ ಮನೆಯಲ್ಲೂ ಬೋರ್ಡು ಸಾಯುತ್ತಿರುತ್ತದೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಸಿಪಿಎಸ್-2 ಬೋರ್ಡುಗಳದು ಇನ್ನೊಂದು ಬಗೆಯ ಸಂಕಟ. ನಕಲು ತಡೆಯಲು ಪ್ರೋಗ್ರಾಮನ್ನು ಗೂಢಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಬಲದಿಂದ ನಿಲ್ಲುವ ಮೆಮೊರಿಯಲ್ಲಿಟ್ಟರು. ಬ್ಯಾಟರಿ ಮುಗಿದ ದಿನ ಕೀಲಿ ಅಳಿಸಿಹೋಗಿ ಬೋರ್ಡು ನಿಂತುಹೋಗುತ್ತದೆ. ಕೀಲಿಯನ್ನು ಮರಳಿ ಬರೆಯುವ ಉಪಾಯವನ್ನು ಹವ್ಯಾಸಿಗಳು ವರ್ಷಗಳ ಶ್ರಮದಿಂದ ಕಂಡುಕೊಂಡರು. ಕೈ ಹಾಕದಿರುವುದೇ ಸಂರಕ್ಷಣೆ ಎಂಬ ನಿಲುವು ಇಂಥ ಯಂತ್ರಗಳ ಎದುರು ನಿಲ್ಲುವುದಿಲ್ಲ.

ಪಿಕ್ಚರ್ ಟ್ಯೂಬಿನ ವಿಷಯದಲ್ಲಿ ಮಾತ್ರ ಎರಡು ಬಾರಿ ಯೋಚಿಸಬೇಕು. ಬಣ್ಣದ ಟ್ಯೂಬಿನೊಳಗೆ ಸುಮಾರು 20,000 ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಅದರ ಚಾರ್ಜ್ ಉಳಿದಿರಬಹುದು. ಅದನ್ನು ಇಳಿಸುವ ಕ್ರಮ ಗೊತ್ತಿಲ್ಲದವರು ಹಿಂಬದಿಯ ಬಾಗಿಲು ತೆಗೆಯದಿರುವುದೇ ಕ್ಷೇಮ. ವರ್ಷಗಟ್ಟಲೆ ಒಂದೇ ಚಿತ್ರ ಉರಿದದ್ದರಿಂದ ಎಷ್ಟೋ ‘ಪ್ಯಾಕ್-ಮ್ಯಾನ್’ ಟ್ಯೂಬುಗಳಲ್ಲಿ, ಯಂತ್ರ ಆರಿದ್ದಾಗಲೂ, ಆಟದ ಗೋಜಲು ದಾರಿಗಳ ನೆರಳು ಅಚ್ಚೊತ್ತಿ ನಿಂತಿರುತ್ತದೆ. ಅದನ್ನು ದೋಷವೆಂದು ಕಿತ್ತೆಸೆಯುವ ಮೊದಲು ಇಂಥ ಟ್ಯೂಬು ಹೊಸದಾಗಿ ಸಿಗುವ ಕಾಲ ಮುಗಿದಿದೆ ಎಂಬುದನ್ನು ನೆನೆಯಬೇಕು. ಚಿತ್ರ ಕಾಣುವಷ್ಟು ಬೆಳಕಿದ್ದರೆ ಇರುವ ಟ್ಯೂಬನ್ನೇ ಉಳಿಸಿಕೊಳ್ಳುವುದು ಮೇಲು.

ಹೊರಮೈಗೆ ಬಂದರೆ ನ್ಯಾಯವೇ ಬೇರೆ. ಕೆಪಾಸಿಟರ್ ಬದಲಿಸಿದ್ದನ್ನು ನಾಳೆ ಮತ್ತೆ ಬದಲಿಸಬಹುದು; ಉಜ್ಜಿ ತೆಗೆದ ಬಣ್ಣ ಮರಳುವುದಿಲ್ಲ. ಆ ಕಾಲದ ಅನೇಕ ಪೆಟ್ಟಿಗೆಗಳ ಪಕ್ಕದ ಚಿತ್ರಗಳನ್ನು ಅಚ್ಚುಹಾಳೆ ಇಟ್ಟು ಬಣ್ಣ ಸಿಂಪಡಿಸಿ ಮಾಡುತ್ತಿದ್ದರು. ಬೆರಳಾಡಿಸಿದರೆ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಏಣು ತಿಳಿಯುತ್ತದೆ, ಅಂಚಿನಾಚೆ ಹಾರಿದ ತುಂತುರು ಕಾಣುತ್ತದೆ. ಗುಂಡಿಗಳ ಸುತ್ತ ಅಂಗೈ ತಾಗಿ ತಾಗಿ ಬಣ್ಣ ಸವೆದು ಬರಿ ಲೋಹ ಹೊಳೆಯುತ್ತಿರುತ್ತದೆ, ಸಿಗರೇಟು ಇಟ್ಟು ಮರೆತ ಕಂದು ಕಲೆಗಳಿರುತ್ತವೆ. ಈ ಯಂತ್ರವನ್ನು ಯಾರು, ಎಲ್ಲಿ, ಹೇಗೆ ಆಡಿದರು ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಬೇರಿಲ್ಲ. ಅದನ್ನೆಲ್ಲ ಕೆರೆದು, ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸಿದ ಚಿತ್ರವನ್ನು ವಿನೈಲ್ ಹಾಳೆಯಲ್ಲಿ ಮುದ್ರಿಸಿ ಅಂಟಿಸುವುದು, ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಶಾಸನದ ಮೇಲೆ ಸುಣ್ಣ ಬಳಿದಂತೆ.

ಇದಕ್ಕೆ ಎದುರಾಗಿ ಹೇಳುವವರ ಮಾತಿನಲ್ಲೂ ಹುರುಳಿದೆ. 1980ರ ಹುಡುಗನ ಕಣ್ಣಿಗೆ ಬಿದ್ದದ್ದು ಹೊಳೆಯುವ ಹೊಸ ಯಂತ್ರ, ಹರಕು ಪೆಟ್ಟಿಗೆಯಲ್ಲ. ಆ ಮೊದಲ ನೋಟವನ್ನು ಮರಳಿ ಕೊಡುವುದೂ ಇತಿಹಾಸಕ್ಕೆ ಸಲ್ಲಿಸುವ ಸೇವೆಯೇ ಎನ್ನುತ್ತಾರೆ ಅವರು. ಸಾಮಾನ್ಯ ಯಂತ್ರಗಳ ವಿಷಯದಲ್ಲಿ ಈ ಮಾತನ್ನು ಒಪ್ಪಬಹುದು. ‘ಆಸ್ಟರಾಯ್ಡ್ಸ್’ ಸುಮಾರು 70,000 ತಯಾರಾಯಿತು. ಹಾಗೆ ಹೇರಳವಾಗಿ ಬಂದು, ಚಿತ್ರವೆಲ್ಲ ಆಗಲೇ ಹಾಳಾಗಿರುವ ಪೆಟ್ಟಿಗೆಗೆ ಹೊಸ ಬಣ್ಣ ಹಚ್ಚಿದರೆ ಕಳೆದುಹೋಗುವುದು ಅಷ್ಟರಲ್ಲೇ ಇದೆ. ಆದರೆ ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ತೊಳೆದು, ಸಡಿಲವಾದ ಚೂರುಗಳನ್ನು ಅಂಟಿಸಿ ಬಿಡುವುದು ಸರಿ. ಪುರಾತನ ಕಟ್ಟಡಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದು, ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕೆಂದು ಹೇಳುತ್ತದೆ. ಗುಡಿ ಗೋಪುರಗಳಿಗೆ ಮಾಡಿದ ಆ ನಿಯಮ ಪ್ಲೈವುಡ್ ಪೆಟ್ಟಿಗೆಗೂ ಚೆನ್ನಾಗಿಯೇ ಒಪ್ಪುತ್ತದೆ.

ಇಷ್ಟಾಗಿಯೂ ಬಗೆಹರಿಯದ ಒಂದು ತೊಡಕು ಉಳಿಯುತ್ತದೆ: ಯಾವ ಮೂಲಕ್ಕೆ ಮರಳಬೇಕು? ಆಟ ಹಳತಾದಾಗ ಅಂಗಡಿಯವರು ಪೆಟ್ಟಿಗೆ ಎಸೆಯುತ್ತಿರಲಿಲ್ಲ; ಬೋರ್ಡು ಬದಲಿಸಿ, ಮೇಲಿನ ಹೆಸರಿನ ಫಲಕ ಬದಲಿಸಿ, ಪಕ್ಕಗಳಿಗೆ ಕಪ್ಪು ಬಣ್ಣ ಬಳಿದು ಹೊಸ ಆಟ ನಡೆಸುತ್ತಿದ್ದರು. ಜಪಾನಿನಲ್ಲಿ 1985ರಲ್ಲಿ ‘ಜಾಮಾ’ ಎಂಬ ವೈರಿಂಗ್ ಮಾನದಂಡ ಬಂದ ಮೇಲೆ ಇದು ಇನ್ನೂ ಸುಲಭವಾಯಿತು. ಕಂಪನಿಗಳೇ ಹೀಗೆ ಮಾಡಿದ್ದುಂಟು. ನಿಂಟೆಂಡೊದ ಅಮೆರಿಕ ಶಾಖೆ ‘ರೇಡಾರ್ ಸ್ಕೋಪ್’ ಎಂಬ ಆಟದ 3,000 ಯಂತ್ರಗಳನ್ನು ತರಿಸಿಕೊಂಡಿತು, ಮಾರಾಟವಾದದ್ದು ಸುಮಾರು 1,000. ಉಳಿದವನ್ನು ಏನು ಮಾಡುವುದೆಂಬ ಕಷ್ಟದಿಂದ ಹುಟ್ಟಿದ್ದು ಶಿಗೆರು ಮಿಯಾಮೊಟೊ ರೂಪಿಸಿದ ‘ಡಾಂಕಿ ಕಾಂಗ್’ (1981). ಸಿಯಾಟಲ್ ಸಮೀಪದ ಗೋದಾಮಿನಲ್ಲಿ ಬೆರಳೆಣಿಕೆಯ ಸಿಬ್ಬಂದಿ ಕೈಯಾರೆ ಆ ಯಂತ್ರಗಳನ್ನು ಹೊಸ ಆಟಕ್ಕೆ ಬದಲಿಸಿದರು. ನೀಲಿ ಪೆಟ್ಟಿಗೆಗೆ ಹೆಸರಾದ ‘ಡಾಂಕಿ ಕಾಂಗ್’ನ ಮೊದಲ ಯಂತ್ರಗಳು ಕೆಂಪಗಿರುವುದು ಆ ಕಾರಣಕ್ಕೆ. ಅಂಥ ಕೆಂಪು ಯಂತ್ರವೊಂದು ಸಿಕ್ಕಿದರೆ ಅದನ್ನು ‘ಮೂಲ’ವಾದ ‘ರೇಡಾರ್ ಸ್ಕೋಪ್’ಗೆ ಮರಳಿಸುವುದು ಘೋರ ತಪ್ಪು. ಒಂದು ಕಂಪನಿಯ ಸೋಲು ಗೆಲುವಾಗಿ ತಿರುಗಿದ ಗಳಿಗೆ ಆ ಬದಲಾವಣೆಯಲ್ಲೇ ದಾಖಲಾಗಿದೆ. ಆದರೆ 1990ರ ದಶಕದಲ್ಲಿ ಯಾವುದೋ ಅಂಗಡಿಯಲ್ಲಿ ಒಡ್ಡೊಡ್ಡಾಗಿ ಗುಂಡಿಗಳಿಗೆ ತೂತು ಕೊರೆದು ಮಾಡಿದ ಬದಲಾವಣೆಗೆ ಅಷ್ಟೇ ಗೌರವ ಕೊಡಬೇಕಿಲ್ಲ. ಅಲ್ಲಿ ಕಪ್ಪು ಬಣ್ಣದ ಕೆಳಗೆ ಹಳೆಯ ಚಿತ್ರ ಇದೆಯೇ ಎಂದು ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಇದ್ದರೆ ನಿಧಾನವಾಗಿ ಹೊರತೆಗೆಯಬಹುದು.

ಕೆಲವನ್ನು ಮುಟ್ಟಲೇಬಾರದು. ಅಲನ್ ಆಲ್ಕಾರ್ನ್ ನಿರ್ಮಿಸಿದ, 1972ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಬಾರೊಂದರಲ್ಲಿ ಇಟ್ಟು ನೋಡಿದ ‘ಪಾಂಗ್’ನ ಮೊದಲ ಮಾದರಿಯಂಥ ವಸ್ತುವಿನಲ್ಲಿ ಒಂದು ಬೆಸುಗೆಯೂ ದಾಖಲೆಯೇ. ಅದನ್ನು ಆಡಿಸಿ ತೋರಿಸಬೇಕಾದರೆ ಪ್ರತಿಕೃತಿ ಮಾಡಿಕೊಳ್ಳಬೇಕು. ಇನ್ನು ಕೆಲವು ಕೈ ಮೀರಿದವು: ತೇವಕ್ಕೆ ತಳದಿಂದ ಮೇಲಿನವರೆಗೆ ಪಾರ್ಟಿಕಲ್ ಬೋರ್ಡು ಪುಡಿಯಾದ, ಹೇರಳವಾಗಿ ಸಿಗುವ ಆಟದ ಪೆಟ್ಟಿಗೆಗಳು. ಅವುಗಳ ಟ್ಯೂಬು, ಬೋರ್ಡು, ನಾಣ್ಯದ ಬಾಗಿಲು ಮತ್ತೊಂದು ಯಂತ್ರವನ್ನು ನಿಲ್ಲಿಸುತ್ತವೆ. ಬಿಚ್ಚುವ ಮೊದಲು ಪೆಟ್ಟಿಗೆಯ ಪ್ರತಿ ಬದಿಯ ಅಳತೆ ಮತ್ತು ಛಾಯಾಚಿತ್ರ ತೆಗೆದು, ತಯಾರಿಕೆಯ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ದುರಸ್ತಿ ಮಾಡುವ ಯಂತ್ರಗಳಲ್ಲೂ ತೆಗೆದ ಹಳೆಯ ಭಾಗಗಳಿಗೆ ಚೀಟಿ ಕಟ್ಟಿ, ಯಾವುದನ್ನು ಎಂದು ಬದಲಿಸಲಾಯಿತೆಂಬ ಕಾಗದದೊಂದಿಗೆ ಪೆಟ್ಟಿಗೆಯ ತಳದಲ್ಲೇ ಇಟ್ಟರೆ, ಮುಂದೆ ಅದನ್ನು ತೆರೆಯುವವರಿಗೆ ಯಾವುದು ಹಳತು, ಯಾವುದು ಹೊಸದು ಎಂದು ಹುಡುಕುವ ಕಷ್ಟ ಇರುವುದಿಲ್ಲ.