ಉಪಗ್ರಹದ ಕಣ್ಣಿಗೆ ನಮ್ಮ ಗದ್ದೆ

ಕಾಫಿ, ಅಡಿಕೆ ಬೆಳೆಗಾರರಾದ ನಮ್ಮಲ್ಲಿ ಅನೇಕರು ತೋಟದ ಜೊತೆಗೆ ಮನೆಯ ಊಟಕ್ಕೆಂದು ಒಂದಿಷ್ಟು ಭತ್ತದ ಗದ್ದೆಯನ್ನೂ ಉಳಿಸಿಕೊಂಡಿದ್ದೇವೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಭತ್ತ ಮತ್ತು ಗೋಧಿಯ ಇಳುವರಿ ನಿರ್ಧರಿಸುವಾಗ ದೂರಸಂವೇದಿ ಅಂದಾಜಿಗೆ ಕನಿಷ್ಠ ಶೇ. 30 ಪಾಲು ಕೊಡಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2023ರ ಮುಂಗಾರಿನಿಂದ ತಂದಿತು. ಪರಿಹಾರದ ಹಣ ಈ ಲೆಕ್ಕದ ಮೇಲೆ ನಿಲ್ಲುವುದರಿಂದ ಸದಸ್ಯ ಬಾಂಧವರು ಇದನ್ನು ತಿಳಿದಿರುವುದು ಅಗತ್ಯ.

ಉಪಗ್ರಹ ನೋಡುವುದಾದರೂ ಏನನ್ನು? ಎಲೆಯಲ್ಲಿನ ಪತ್ರಹರಿತ್ತು ಆಹಾರ ತಯಾರಿಸಲು ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಆರೋಗ್ಯವಂತ ಎಲೆ ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಬೆಳೆ ಸೊರಗಿದರೆ ಇವೆರಡರ ಅಂತರ ಕುಗ್ಗುತ್ತದೆ. ಈ ಅಂತರವನ್ನು ಅಳೆಯುವುದೇ ಈ ವಿದ್ಯೆಯ ತಿರುಳು. ತೋಟಗಾರರಿಗೆ ಇದು ತೀರ ಅಪರಿಚಿತವೂ ಅಲ್ಲ. 1970ರ ಸುಮಾರಿಗೆ ಕೇರಳದಲ್ಲಿ ತೆಂಗಿನ ಬೇರು ಸೊರಗು ರೋಗವನ್ನು ಗುರುತಿಸಲು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದದ್ದೇ ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಲ ಹೆಜ್ಜೆಗಳಲ್ಲೊಂದು.

ಪಂಜಾಬಿನ ಚಳಿಗಾಲದ ಗೋಧಿ ಹೊಲಕ್ಕೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ನೆಲ ಸಮತಟ್ಟು, ಹೊಲ ವಿಶಾಲ. ಮಲೆನಾಡಿನ ಸ್ಥಿತಿ ಬೇರೆ. ಭತ್ತ ಬೆಳೆಯುವ ಕಾಲದಲ್ಲೇ ನಮ್ಮಲ್ಲಿ ಮೋಡ ಕವಿದಿರುತ್ತದೆ. ರಾಡಾರ್ ಉಪಗ್ರಹ ಮೋಡವನ್ನು ದಾಟಿ ನೋಡಬಲ್ಲದಾದರೂ ಅದು ಅಳೆಯುವುದು ಗಿಡದ ಆಕಾರ ಮತ್ತು ತೇವವನ್ನು, ಎಲೆಯ ಹಸಿರನ್ನಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಅತಿ ಚಿಕ್ಕ ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ತೋಟದ ಅಂಚಿನ ಕಿರುಗದ್ದೆಯಲ್ಲಿ ಸದಾ ಹಸಿರಾದ ಅಡಿಕೆಯೂ ಅದೇ ಚುಕ್ಕೆಯೊಳಗೆ ಸೇರಿ, ಸೊರಗಿದ ಭತ್ತ ಸೊಂಪಾಗಿ ಕಂಡೀತು. ಇದಲ್ಲದೆ ತೆನೆಯ ಕುತ್ತಿಗೆಗೆ ಬೆಂಕಿರೋಗ ತಗುಲಿದಾಗ ಎಲೆ ಹಸಿರಾಗಿಯೇ ಇದ್ದು ಕಾಳು ಜೊಳ್ಳಾಗುವುದುಂಟು.

ನಾವು ಈ ವಿದ್ಯೆಯನ್ನು ವಿರೋಧಿಸುವವರಲ್ಲ. ವಿಶಾಲ ಪ್ರದೇಶದ ಬರ, ನೆರೆಗಳನ್ನು ಬೇಗ ತಿಳಿಯಲು ಇದಕ್ಕಿಂತ ಉತ್ತಮ ಸಾಧನ ಕಡಿಮೆ. ಆದರೆ ಗುಡ್ಡಗಾಡಿನ ಗದ್ದೆಗಳಲ್ಲಿ ಬೆಳೆ ಕಟಾವು ಪ್ರಯೋಗಗಳನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು. ಉಪಗ್ರಹದ ಅಂದಾಜನ್ನು ಪರಿಹಾರ ತೀರ್ಮಾನವಾಗುವ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಅವಕಾಶವಿರಬೇಕು. ಇದು ನಮ್ಮ ಒತ್ತಾಯ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಗದ್ದೆಯನ್ನು ಅಡಿಕೆ ತೋಟ ಮಾಡಿದವರು ಪಹಣಿಯಲ್ಲಿ ಇನ್ನೂ ಭತ್ತವೆಂದೇ ಇದ್ದರೆ ತಿದ್ದಿಸಬೇಕು. ತಪ್ಪು ದಾಖಲೆಯಿಂದ ನೆರೆಯ ಗದ್ದೆಯವರ ಲೆಕ್ಕವೂ ಕೆಡುತ್ತದೆ. ಕಟಾವು ಪ್ರಯೋಗದ ದಿನ ಗದ್ದೆಯಲ್ಲಿ ಹಾಜರಿದ್ದು, ತೂಕವನ್ನು ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳಬೇಕೆಂದು ಸದಸ್ಯರೆಲ್ಲರಲ್ಲೂ ವಿನಂತಿಸುತ್ತೇವೆ.