ಹೊಲದಲ್ಲಿರುವ ಪಾಠಕ್ಕೆ ಗೈಡ್‌ನಲ್ಲಿ ಹುಡುಕಾಟ



ದ್ವಿತೀಯ ಪಿಯು ಪರೀಕ್ಷೆ ಹತ್ತಿರವಾದಂತೆ ಬಿಳಿಕೆರೆಯಿಂದ ಹುಣಸೂರು, ಮೈಸೂರಿಗೆ ಹೋಗುವ ಬಸ್ಸುಗಳಲ್ಲಿ ಜೀವಶಾಸ್ತ್ರದ ಗೈಡ್ ಹಿಡಿದು ಉರು ಹೊಡೆಯುವ ಮಕ್ಕಳೇ ಕಾಣುತ್ತಾರೆ. ಪಠ್ಯದ ಜೈವಿಕ ತಂತ್ರಜ್ಞಾನದ ಅಧ್ಯಾಯದಲ್ಲಿ 'ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ' ಎಂಬ ಜಂತುಹುಳು ಬರುತ್ತದೆ. ಅದು ಹೊಗೆಸೊಪ್ಪಿನ ಬೇರಿಗೆ ತಗಲಿ ಇಳುವರಿ ಕುಗ್ಗಿಸುತ್ತದೆ. ಆರ್‌ಎನ್‌ಎ ಇಂಟರ್‌ಫರೆನ್ಸ್ ವಿಧಾನದಿಂದ ಗಿಡವನ್ನು ಕಾಪಾಡಬಹುದು ಎಂಬುದು ಪಾಠ. ಆ ಹೆಸರನ್ನು ಅಕ್ಷರ ತಪ್ಪದೆ ಬರೆಯುವ ಎಷ್ಟೋ ಮಕ್ಕಳಿಗೆ, ಅಪ್ಪ ಹೊಲದಲ್ಲಿ ಕಿತ್ತು ಬೈದುಕೊಳ್ಳುವ ಬೇರುಗಂಟಿಗೆ ಕಾರಣ ಇದೇ ಹುಳು ಎಂದು ಗೊತ್ತಿಲ್ಲ! ಹುಣಸೂರು, ಪಿರಿಯಾಪಟ್ಟಣದ ಮಕ್ಕಳಿಗೆ ಹೊಗೆಸೊಪ್ಪಿನ ಪರಿಚಯ ಬೇರೆ ಮಾಡಿಕೊಡಬೇಕೇ?

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷ್ ಪಠ್ಯವೇ ಹೊರೆ. ಉಪನ್ಯಾಸಕರು ಗಂಟುಬಿದ್ದ ಗಿಡವೊಂದನ್ನು ತರಗತಿಗೆ ತಂದು, ಕನ್ನಡದಲ್ಲೇ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರೆಸಲಿ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು, ಸರಿ; ಅರ್ಥವಾಗದ್ದನ್ನು ಎಷ್ಟು ಸಲ ಬರೆದರೇನು ಬಂತು?

ಪರೀಕ್ಷೆಯ ಹೊತ್ತಿಗೆ ಹೊಗೆಸೊಪ್ಪಿನ ಹೊಲ ಖಾಲಿ. ಆದ್ದರಿಂದ ಜುಲೈನಲ್ಲಿ, ಬೆಳೆ ನಿಂತಿರುವಾಗಲೇ, ಮಕ್ಕಳನ್ನು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರಕ್ಕೆ ಒಂದು ದಿನ ಕರೆದೊಯ್ಯಲು ಶಿಕ್ಷಣ ಇಲಾಖೆ ಏರ್ಪಾಡು ಮಾಡಲಿ.

– ಓದುಗ, ಬಿಳಿಕೆರೆ, ಹುಣಸೂರು ತಾಲ್ಲೂಕು